ಮೆಟ್ಟಿಲ ಪಕ್ಕದ ಕೋಣೆ

ಒದ್ದೆ ಹೊದಿಕೆಯ ಒಂದು ತುದಿ ತಾಯಿಯ ಕೈಯಲ್ಲಿತ್ತು, ಇನ್ನೊಂದು ತುದಿ ಮಗಳ ಕೈಯಲ್ಲಿ. ಇಬ್ಬರೂ ಎದುರುಬದುರು ನಿಂತು ತಿರುಚುತ್ತಿದ್ದರೆ ನಡುವೆ ಹೊದಿಕೆ ಹಗ್ಗದಂತೆ ಹುರಿಗೊಂಡು ಹಿತ್ತಿಲ ಕಲ್ಲಿನ ಮೇಲೆ ನೀರು ಸುರಿಸುತ್ತಿತ್ತು.

"ಗಟ್ಟಿ ಹಿಡ್ಕೊ. ಬಿಟ್ಟರೆ ಮಣ್ಣುಪಾಲು, ಮತ್ತೆ ಒಗೀಬೇಕು."

ಮಗಳು ಹಲ್ಲು ಕಚ್ಚಿ ಹಿಡಿದಳು. ಅಷ್ಟರಲ್ಲಿ ಅಡುಗೆಮನೆಯಿಂದ ಗಂಡನ ದನಿ ಬಂತು. "ಇವಳೇ, ಸ್ವಲ್ಪ ಬಾ ಇಲ್ಲಿ. ಕೈಯಲ್ಲಿರೋದನ್ನ ಬಿಟ್ಟು ಬಾ."

ಅವನು ಬಡಗಿ. ಕೆಲಸದ ನಡುವೆ ಯಾರನ್ನೂ ಕರೆಯುವವನಲ್ಲ, ಕರೆದನೆಂದರೆ ಏನೋ ಆಗಿದೆ. ಅವಳು ತನ್ನ ತುದಿಯನ್ನೂ ಮಗಳ ಕೈಗೆ ಕೊಟ್ಟು ಒಳಗೆ ಓಡಿದಳು.

ಗೋಡೆಯ ಬೀರುವಿನ ಬಾಗಿಲು ಕೆಳಗಿನ ಕೀಲೊಂದರ ಮೇಲೆ ವಾಲಿ ನಿಂತಿತ್ತು. ಮೇಲಿನ ಕೀಲಿನಲ್ಲಿ ಸ್ಕ್ರೂಗಳೇ ಇಲ್ಲ, ನಾಲ್ಕು ತೂತುಗಳು ಮಾತ್ರ ಪಿಳಿಪಿಳಿ ನೋಡುತ್ತಿದ್ದವು.

"ನಿನ್ನೆ ಬೆಳಿಗ್ಗೆ ನಾನೇ ಕೂರಿಸಿದ್ದು ಕಣೇ," ಎಂದ ಬಡಗಿ. "ನನ್ನ ಕೆಲಸ ಮೂರು ತಲೆಮಾರಿಗೆ ಬರತ್ತೆ ಅಂತ ಕಂಡೋರಿಗೆಲ್ಲ ಹೇಳ್ಕೊಂಡು ತಿರುಗ್ತೀನಿ. ಇದು ಮೂರು ಹೊತ್ತಿಗೂ ಬರಲಿಲ್ಲ."

ಅವಳಿಗೆ ತಲೆಬುಡ ಅರ್ಥವಾಗಲಿಲ್ಲ. ಸೋಮವಾರ ಊಟದ ಕೋಣೆಯ ಹೊಸ ಗೋಡೆಯ ಮೇಲೆ ಅಂಗೈಯಗಲದ ಚಹಾ ಕಲೆ ಕಂಡಿತ್ತು. ತಾನೇ ಲೋಟ ಎತ್ತುವಾಗ ಚೆಲ್ಲಿರಬೇಕು ಎಂದುಕೊಂಡು ಮತ್ತೊಂದು ಕೈ ಬಣ್ಣ ಹೊಡೆದಳು. ಮಂಗಳವಾರ ಹಜಾರದ ಪರದೆಯ ಅಂಚು ಒಂದು ಗೇಣಿನಷ್ಟು ಬಿಚ್ಚಿ ಜೋತುಬಿದ್ದಿತ್ತು. ದಾರ ಸರಿಯಿಲ್ಲ ಎಂದು ದಾರವನ್ನು ಬೈದು ಹೊಲಿದಳು. ನಿನ್ನೆ ಬಚ್ಚಲಿನ ಎರಡು ಟೈಲ್ಸಿನ ನಡುವಿನ ಸಿಮೆಂಟು ಉದುರಿತ್ತು. ಆಗ ಪಕ್ಕದ ಮನೆಯ ಬೆಕ್ಕಿನ ಮೇಲೂ ಒಂದಿಷ್ಟು ಅನುಮಾನ ಬಂತು. ಆದರೆ ಯಾವ ಬೆಕ್ಕೂ ಸ್ಕ್ರೂ ಬಿಚ್ಚುವುದಿಲ್ಲ. ಇವತ್ತು ಹನ್ನೊಂದು ಗಂಟೆಗೆ ಮನೆ ಕೊಳ್ಳುವವರು ಎರಡನೆಯ ಸಲ ನೋಡಲು ಬರುವವರಿದ್ದರು. ಒಪ್ಪಿದರೆ ಇವತ್ತೇ ಮಾತು ಮುಗಿಯಬೇಕು.

ಗಂಡ ಹೆಂಡತಿ ಮಾಡುವ ಕೆಲಸವೇ ಅದು. ಯಾರಿಗೂ ಬೇಡವಾದ ಹಳೆಯ ಮನೆ ಕೊಳ್ಳುವುದು, ಅದರಲ್ಲೇ ಇದ್ದುಕೊಂಡು ಅವನು ಮರಗೆಲಸ, ಅವಳು ಬಣ್ಣ, ಪರದೆ, ಟೈಲ್ಸು ಎಂದು ಒಂದೊಂದೇ ಕೋಣೆಗೆ ಜೀವ ತರುವುದು. ಮನೆ ಕಣ್ಣಿಗೆ ಹಬ್ಬವಾಗುವ ಹೊತ್ತಿಗೆ ಅದನ್ನು ಬೇರೆಯವರಿಗೆ ಮಾರಿ ಮತ್ತೊಂದು ಪಾಳು ಮನೆಯ ಧೂಳಿಗೆ ಹೋಗುವುದು. ಮಗಳಿಗೆ ಒಂಬತ್ತು ವರ್ಷ, ಇದು ಐದನೆಯ ಮನೆ. "ಮನೆ ಕಟ್ಟಿ ನೋಡು ಅಂತಾರೆ ಲೋಕದೋರು," ಎಂದು ಅತ್ತೆ ಆಗಾಗ ಹೇಳುವುದುಂಟು. "ನೀವು ಮನೆ ಕಟ್ಟಿ, ಬಿಟ್ಟು ನೋಡೋರು."

ಆ ಅತ್ತೆ ಈಗ ಮೂಲೆಯ ಮಣೆಯ ಮೇಲೆ ಕೂತು ಬಟಾಣಿ ಸುಲಿಯುತ್ತಿದ್ದರು. ತಲೆಯೆತ್ತದೆ ಹೇಳಿದರು, "ಬೀರು ಕೆಳಗೆಲ್ಲ ಹುಡುಕಬೇಡಪ್ಪಾ. ಬಿಚ್ಚಿದ್ದು ನಿನ್ನ ಮಗಳು, ಆ ಚಿಲಕ. ಟಾರ್ಚ್ ಹಿಡಿದಿದ್ದು ನಾನು."

ಬಡಗಿ ಮಂಡಿಯೂರಿದ್ದವನು ಹಾಗೇ ತಿರುಗಿದ. "ನೀನಾ?"

"ನಿನ್ನೆ ಮಧ್ಯಾಹ್ನ. ಅಜ್ಜಿ, ಬೀರು ಒಳಗೆ ಕತ್ತಲೆ, ಸ್ವಲ್ಪ ಬೆಳಕು ಹಿಡಿ ಅಂದ್ಲು. ಹಿಡಿದೆ. ಏನೇ ಇದು ಅಂದ್ರೆ ರಿಪೇರಿ ಅಂದ್ಲು."

"ಅತ್ತೆ, ಅವಳು ಬಿಚ್ತಾ ಇದ್ದಳಲ್ಲ?"

"ಈ ಮನೇಲಿ ಬಿಚ್ಚೋದು ಯಾವುದು, ಕಟ್ಟೋದು ಯಾವುದು ಅಂತ ನನಗೆ ಹೇಗಮ್ಮ ಗೊತ್ತಾಗಬೇಕು? ನನ್ನ ಕಣ್ಣಿಗೆ ಎರಡೂ ಒಂದೇ." ಒಂದು ಬಟಾಣಿ ಜಾರಿ ಉರುಳಿತು. ಅತ್ತೆ ಅದನ್ನು ಕಾಲಿನಿಂದ ತಡೆದು ಎತ್ತಿಕೊಂಡರು.

ಚಿಲಕ ಎಂದು ಹೆಸರಿಟ್ಟವನು ಬಡಗಿಯೇ. ಮಗಳು ಒಮ್ಮೆ ಬಾಯಿ ಮುಚ್ಚಿಕೊಂಡಳೆಂದರೆ ಸುತ್ತಿಗೆ ತಂದರೂ ತೆರೆಯುವುದಿಲ್ಲ ಎಂದು. ತಾಯಿ ಹಿತ್ತಿಲಿಗೆ ಬಂದಾಗ ಮಗಳು ಇದ್ದ ಜಾಗದಲ್ಲೇ ನಿಂತಿದ್ದಳು. ಹೊದಿಕೆ ನೆಲಕ್ಕೆ ತಾಗಬಾರದೆಂದು ಇಡೀ ಮುದ್ದೆಯನ್ನು ಎದೆಗವಚಿಕೊಂಡು ತಾನೂ ಒದ್ದೆಯಾಗಿದ್ದಳು.

ತಾಯಿ ಹೊದಿಕೆಯನ್ನು ತೆಗೆದುಕೊಂಡು ತಂತಿಯ ಮೇಲೆ ಹರಡಿದಳು. ಆಮೇಲೆ ಕೈ ಚಾಚಿದಳು. ಮಗಳು ಏನೂ ಕೇಳದೆ ಫ್ರಾಕಿನ ಜೇಬಿನಿಂದ ನಾಲ್ಕು ಸ್ಕ್ರೂ ತೆಗೆದು ಅಂಗೈಗೆ ಹಾಕಿದಳು.

"ಚಹಾ ಕಲೆ?"

ಮಗಳು ಹೌದೆಂದು ತಲೆಯಾಡಿಸಿದಳು.

"ಪರದೇನೂ ನೀನೇನಾ?"

ಅದಕ್ಕೂ ಆಡಿಸಿದಳು.

"ಯಾಕಮ್ಮಾ?"

ಮಗಳು ಬಾಯಿ ತೆರೆದಳು. ತಾಯಿಯ ಮುಖ ನೋಡಿದಳು, ಮನೆಯ ಗೋಡೆಯನ್ನು ತಳದಿಂದ ಮಾಡಿನ ತನಕ ನೋಡಿದಳು. ಬಾಯಿ ಮುಚ್ಚಿಕೊಂಡಿತು. "ಏನಿಲ್ಲ."

ಬೈಯಬೇಕೆಂದು ಬಂದಿದ್ದ ತಾಯಿಗೆ ಬೈಗುಳ ನೆನಪಾಗಲಿಲ್ಲ. ಅದೇ ಬೀರುವಿನ ಮುಂದೆ ಎಂಟು ದಿನ ಕೂತು, ಉಪ್ಪುಕಾಗದ ತಿಕ್ಕಿ ತಿಕ್ಕಿ ಹಳೆಯ ಬಣ್ಣ ಕಿತ್ತವಳು ಇದೇ ಮಗಳು. ಕೆಳಗಿನಿಂದ ಮರದ ಗೆರೆಗಳು ಎದ್ದುಬಂದಾಗ ಅದಕ್ಕೆ ಕೆನ್ನೆಯಿಟ್ಟು ನೋಡಿದವಳು. ಇಷ್ಟವಿಲ್ಲದ್ದನ್ನು ಹಾಳುಮಾಡುವ ಮಕ್ಕಳನ್ನು ಅವಳು ಕಂಡಿದ್ದಳು. ಇಷ್ಟಪಟ್ಟು ಮಾಡಿದ್ದನ್ನೇ ಹಾಳುಮಾಡುವುದು ಯಾವ ಲೆಕ್ಕ?

"ಹೋಗಿ ಫ್ರಾಕ್ ಬದಲಾಯಿಸ್ಕೊ. ನೆಗಡಿ ಆಗತ್ತೆ," ಎಂದಷ್ಟೇ ಹೇಳಿದಳು.

ಅವರ ಕಸುಬಿಗೆ ಒಂದು ನಿಯಮವಿತ್ತು. ನಮಗೆ ಅಂತ ಒಂದು ಬಣ್ಣವನ್ನೂ ಆರಿಸಬಾರದು. ಕೊಳ್ಳುವವರು ಗೋಡೆಯ ಮೇಲೆ ತಮ್ಮ ಸಂಸಾರವನ್ನು ಕಾಣಬೇಕೇ ಹೊರತು ನಮ್ಮದನ್ನಲ್ಲ. ಅದಕ್ಕೇ ಎಲ್ಲ ಕೋಣೆಗೂ ಕೆನೆ, ತಿಳಿ ಬೂದು, ಮಾಸಲು ಬಿಳಿ. ಈ ಮನೆಯಲ್ಲಿ ಮಾತ್ರ ಅವಳು ನಿಯಮ ಮುರಿದಿದ್ದಳು. ಹಿಂದಿನ ಮನೆ ಬಿಟ್ಟಾಗ ಮಗಳು ಹತ್ತು ದಿನ ಯಾರ ಜೊತೆಗೂ ಮಾತಾಡಿರಲಿಲ್ಲ. ಆ ಸಂಕಟಕ್ಕೆ, ಮೆಟ್ಟಿಲ ಪಕ್ಕದ ಚಿಕ್ಕ ಕೋಣೆಯ ಬಾಗಿಲು ತೆಗೆದು, "ಇದು ನಿಂದು, ನಿನಗೆ ಹೇಗೆ ಬೇಕೋ ಹಾಗೆ ಮಾಡ್ಕೊ," ಎಂದುಬಿಟ್ಟಿದ್ದಳು.

ಮಗಳು ಕೆರೆಯ ತಳದಂಥ ಕಡುಹಸಿರು ಆರಿಸಿದಳು. ಕೈ ಎಟುಕುವವರೆಗೆ ಅದನ್ನೇ ಬಳಿದಳು. ಅಲ್ಲಿಂದ ಮೇಲಕ್ಕೆ ಗೋಡೆ ಬಿಳಿಯಾಗಿಯೇ ಉಳಿಯಿತು, ನಡುವಿನ ಗೆರೆ ಅಲೆಯಂತೆ ಏರಿಳಿಯುತ್ತಿತ್ತು. ಆಮೇಲೆ ಬಟ್ಟೆಗಳ ಅಡಿಯಿಂದ ಒಂದು ಬಿಸ್ಕತ್ತಿನ ಡಬ್ಬ ಹೊರಬಂತು. ಮೊದಲನೆಯ ಮನೆಯ ಬಾಗಿಲಿನ ಪಿಂಗಾಣಿ ಹಿಡಿ, ಎರಡನೆಯದರ ನೀಲಿ ಟೈಲ್ಸಿನ ಚೂರುಗಳು, ಮೂರನೆಯದರ ಹಿತ್ತಾಳೆಯ ಕೊಕ್ಕೆ, ನಾಲ್ಕನೆಯದರ ಗೋಡೆಗೆ ಅಂಟಿಸುವ ಕಾಗದದ ಒಂದು ಪಟ್ಟಿ. ಯಾವಾಗ ಎತ್ತಿಟ್ಟುಕೊಂಡಿದ್ದಳೋ. ಚೂರುಗಳನ್ನು ಕಿಟಕಿಯ ಸುತ್ತ ಅಂಟಿಸಿದಳು, ಕೊಕ್ಕೆಗೆ ಶಾಲೆಯ ಚೀಲ ನೇತುಹಾಕಿದಳು. ಬಡಗಿ ಉಳಿಕೆ ಮರದಿಂದ ಮೂಲೆಗೆ ಸರಿಯಾಗಿ ಒಂದು ಮಂಚ ಮಾಡಿಕೊಟ್ಟ. ಕೊಳ್ಳುವವರು ಬರುವ ಮೊದಲು ಕೆನೆ ಬಣ್ಣ ಹೊಡೆದರಾಯಿತು ಎಂದು ತಾಯಿ ಡಬ್ಬ ತಂದಿಟ್ಟು ಒಂದು ತಿಂಗಳಾಗಿತ್ತು. ಬ್ರಷ್ ಎತ್ತಿಕೊಂಡಾಗೆಲ್ಲ ಬೇರೆ ಏನಾದರೂ ಕೆಲಸ ನೆನಪಾಗುತ್ತಿತ್ತು.

"ಹೋದ ಸಲದ ಹಾಗೇ ಬಾಗಿಲು ಹಾಕಿಬಿಡು. ಸಾಮಾನು ತುಂಬಿದೀವಿ ಅಂತ ಹೇಳಿದ್ರಾಯ್ತು," ಎಂದ ಬಡಗಿ, ಸ್ಕ್ರೂ ತಿರುಗಿಸುತ್ತ.

ಹನ್ನೊಂದಕ್ಕೆ ಸರಿಯಾಗಿ ಬಂದರು. ಹೆಂಡತಿ ಹಲ್ಲಿನ ಡಾಕ್ಟರು, ಗಂಡ ಅವರ ಹಿಂದೆ ಹಿಂದೆ ಅಳತೆಯ ಟೇಪು ಹಿಡಿದು ನಡೆಯುವ ಮನುಷ್ಯ. ಡಾಕ್ಟರು ಪ್ರತಿ ಕೋಣೆಯಲ್ಲೂ ನಿಂತು, ರೋಗಿಯ ಬಾಯಿಯೊಳಗೆ ನೋಡುವಂತೆ ಮೂಲೆಮೂಲೆಗೆ ಬಗ್ಗಿ ನೋಡಿ, "ಚೆನ್ನಾಗಿದೆ," ಎನ್ನುತ್ತಿದ್ದರು. ಆ ಚೆನ್ನಾಗಿದೆಯಲ್ಲಿ ಹೌದೂ ಇರಲಿಲ್ಲ, ಇಲ್ಲವೂ ಇರಲಿಲ್ಲ.

ಹಜಾರದಲ್ಲಿ ಅವರು ಕಿಟಕಿಯ ಪಕ್ಕದ ಗೋಡೆಯನ್ನು ಸವರುತ್ತಿದ್ದಾಗ ತಾಯಿಗೆ ತನ್ನದೇ ದನಿ ಕೇಳಿಸಿತು. "ಆ ಗೋಡೆಗೆ ಬಿಸಿಲು ಜಾಸ್ತಿ. ಮಧ್ಯಾಹ್ನ ಇಲ್ಲಿ ಕೂರೋಕೇ ಆಗಲ್ಲ. ಮೇಲಿನ ನಲ್ಲೀಲಿ ನೀರೂ ಅಷ್ಟಕ್ಕಷ್ಟೆ."

ಬಡಗಿ ಹೆಂಡತಿಯನ್ನು ಹೊಸಬಳಂತೆ ನೋಡಿದ. ಡಾಕ್ಟರು ಹಿಂದೆ ಸರಿದಾಗ, ಪಕ್ಕಕ್ಕೆ ಬಂದು ಮೆಲ್ಲಗೆ ಕೇಳಿದ, "ಯಾರಾದ್ರೂ ಕೇಳಿದ್ರಾ ನಿನ್ನ?"

"ಇಲ್ಲ."

"ಮತ್ತೆ?"

"ಗೊತ್ತಿಲ್ಲ ರೀ. ಬಾಯಿಗೆ ಬಂತು."

ಅವಳಿಗೆ ನಿಜಕ್ಕೂ ಗೊತ್ತಿರಲಿಲ್ಲ. ನಾಲ್ಕು ಮನೆ ಮಾರಿದ ಬಾಯಿ ಅದು. ಯಾವ ಗೋಡೆಯ ಮುಂದೆ ಏನು ಹೇಳಬೇಕು, ಎಲ್ಲಿ ಸುಮ್ಮನಿರಬೇಕು ಎಂದು ಬಲ್ಲದ್ದು. ಮಗಳಿಗೆ ಕೇಳಿದ ಪ್ರಶ್ನೆಯನ್ನೇ ಈಗ ಯಾರಾದರೂ ತನಗೆ ಕೇಳಿದರೆ ಏನಿಲ್ಲ ಎಂದಲ್ಲದೆ ಬೇರೇನು ಹೇಳುತ್ತಿದ್ದೆ ಎಂದು ಯೋಚಿಸುತ್ತ ನಿಂತಳು. ಆ ಹೊತ್ತಿಗೆ ಡಾಕ್ಟರು ಮೆಟ್ಟಿಲ ಬಳಿಗೆ ಹೋಗಿದ್ದರು.

"ಅದು ಸಾಮಾನಿನ ಕೋಣೆ," ಎಂದು ಬಡಗಿ ಹಿಂದೆಯೇ ಓಡಿದ. ಅಷ್ಟರಲ್ಲಿ ಬಾಗಿಲು ತೆರೆದಿತ್ತು.

ಡಾಕ್ಟರು ಒಳಗೆ ಹೋದರು. ಟೈಲ್ಸಿನ ಚೂರುಗಳನ್ನು ಒಂದೊಂದಾಗಿ ಮುಟ್ಟಿದರು. ಹಸಿರು ಮುಗಿದು ಬಿಳಿ ಶುರುವಾಗುವ ಡೊಂಕು ಗೆರೆಯನ್ನು ಕಿಟಕಿಯಿಂದ ಬಾಗಿಲ ತನಕ ಕಣ್ಣಲ್ಲೇ ಹಿಂಬಾಲಿಸಿದರು. ಆಮೇಲೆ ಯಾರೂ ಕೂರಿ ಎನ್ನುವ ಮೊದಲೇ ಮೂಲೆಯ ಮಂಚದ ಮೇಲೆ ಕೂತರು. ಅವರ ಗಂಡ ಟೇಪನ್ನು ಸರ್ರನೆ ಒಳಗೆ ಎಳೆದುಕೊಂಡ.

"ಇದನ್ನ ಯಾರು ಮಾಡಿದ್ದು?"

"ನಮ್ಮ ಮಗಳು. ಮಕ್ಕಳಾಟ. ಕೆನೆ ಬಣ್ಣ ತಂದಿಟ್ಟಿದೀವಿ, ನಾಳೆನೇ ಹೊಡೀತೀವಿ," ಎಂದ ಬಡಗಿ.

"ಬೇಡ, ಏನೂ ಮುಟ್ಟಬೇಡಿ. ಈ ಮಂಚ, ಈ ಕೊಕ್ಕೆ, ಎಲ್ಲ ಹೀಗೇ ಬಿಟ್ಟುಕೊಡ್ತೀರಾ? ನನ್ನ ಮಗಳಿಗೆ ಏಳು ವರ್ಷ." ಡಾಕ್ಟರ ದನಿ ಮೊದಲ ಸಲ ಮನೆಯವರ ದನಿಯಂತಿತ್ತು. "ನಿಜ ಹೇಳ್ತೀನಿ, ಬೇಡ ಅನ್ನೋಕೇ ಬಂದಿದ್ವಿ. ಉಳಿದ ಕೋಣೆಗಳೆಲ್ಲ ಚೊಕ್ಕಟವಾಗಿವೆ, ಆದರೆ ಹೋಟೆಲಿನ ಥರ. ಇದೊಂದೇ ಮನೆ ಥರ ಇದೆ."

ಮಗಳು ಬಾಗಿಲ ಸಂದಿಯಲ್ಲಿ ನಿಂತಿದ್ದಳು. ಡಾಕ್ಟರು ಕರೆದು ಗಲ್ಲ ಹಿಡಿದರು. "ಎಷ್ಟು ಚೆನ್ನಾಗಿ ಮಾಡಿದೀಯ ಪುಟ್ಟಿ. ನಿನ್ನ ಕೋಣೆ ನೋಡಿನೇ ನಮಗೆ ಮನಸಾಯ್ತು."

ಬಡಗಿಯ ಮುಖ ಅರಳಿತು. "ಕೇಳಿದ್ಯಾ ಚಿಲಕ? ನಾವಿಬ್ಬರೂ ವರ್ಷವಿಡೀ ಬೆವರು ಸುರಿಸಿ ಆಗದ್ದನ್ನ ನೀನು ಒಂದೇ ಕೋಣೇಲಿ ಮಾಡಿಬಿಟ್ಟೆ."

ಮುಂದಿನ ತಿಂಗಳ ಕೊನೆಗೆ ಮನೆ ಬಿಟ್ಟುಕೊಡುವುದೆಂದು ಹಜಾರದಲ್ಲಿ ನಿಂತೇ ಮಾತಾಯಿತು. ಹೋಗುವಾಗ ಡಾಕ್ಟರು ಮಧ್ಯಾಹ್ನದ ಬಿಸಿಲಿಗೆ ದಪ್ಪ ಪರದೆ ಹಾಕಿಸುತ್ತೇವೆ ಎಂದರು. ಬಡಗಿ ಗೇಟಿನವರೆಗೆ ಹೋದ. ಅತ್ತೆ ಸುಲಿದ ಬಟಾಣಿಯನ್ನು ತೊಳೆಯಲು ಎದ್ದರು.

ತಾಯಿ ಮೆಟ್ಟಿಲ ಪಕ್ಕದ ಕೋಣೆಗೆ ಬಂದಳು. ಮಗಳು ಮಂಚದ ಮೇಲೆ, ಡಾಕ್ಟರು ಕೂತು ಸುಕ್ಕಾಗಿದ್ದ ಹಾಸಿಗೆಯನ್ನು ಅಂಗೈಯಿಂದ ತೀಡುತ್ತ ಕೂತಿದ್ದಳು. ಸುಕ್ಕು ಹೋಗಿ ಎಷ್ಟೋ ಹೊತ್ತಾಗಿದ್ದರೂ ತೀಡುತ್ತಲೇ ಇದ್ದಳು. ತಾಯಿ ಪಕ್ಕದಲ್ಲಿ ಕೂತಳು. ಮುಂದಿನ ಮನೆಯಲ್ಲಿ ಇದಕ್ಕಿಂತ ದೊಡ್ಡ ಕೋಣೆ ಕೊಡ್ತೀನಿ ಎಂದು ಹೇಳಲು ಹೊರಟು, "ಮುಂದಿನ ಮನೇಲಿ," ಎಂಬಲ್ಲಿಗೆ ನಿಂತಳು.

ಮಗಳ ಕೈ ನಿಂತಿತು. ಗೋಡೆಯನ್ನೇ ನೋಡುತ್ತಿದ್ದಳು. ಬೆಳಗಿನಂತೆಯೇ ಬಾಯಿ ತೆರೆದಳು. ಅದು ಮತ್ತೆ ಮುಚ್ಚಿಕೊಳ್ಳುತ್ತದೆ ಎಂದುಕೊಂಡು ತಾಯಿ ಅವಳ ತಲೆಯ ಮೇಲೆ ಕೈಯಿಟ್ಟಳು. ಮುಚ್ಚಿಕೊಳ್ಳಲಿಲ್ಲ.

"ಅಮ್ಮಾ, ನಾನು ಇದನ್ನ ಇಷ್ಟು ಚೆನ್ನಾಗಿ ಮಾಡದೇ ಇದ್ದಿದ್ರೆ, ನಾವು ಇಲ್ಲೇ ಇರ್ತಿದ್ವಾ?"