ಸಣ್ಣಕ್ಕನ ದಿವಾಳಿ

"ಯಾವ ಬೋಳಿಮಗ ನಿನಗೆ ದಿವಾಳಿ ಏಳೋದು ಹೇಳ್ಕೊಟ್ಟೋನು?"

ಬಟ್ಟೆ ತೊಳೆಯುವ ಕಾರ್ಖಾನೆಯ ಮೇಸ್ತ್ರಿ ಉತ್ತರಕ್ಕೆ ಕಾಯಲಿಲ್ಲ. ತೊಟ್ಟಿಯಿಂದ ಆಗತಾನೇ ಎತ್ತಿದ್ದ ಆಸ್ಪತ್ರೆಯ ಹೊದಿಕೆಯನ್ನು ಹಿಂಡದೆ ಹಾಗೇ ಸಣ್ಣಕ್ಕನ ಮುಖಕ್ಕೆ ಬೀಸಿದ. ನೀರು ಕುಡಿದ ಬಟ್ಟೆ ಹಲಗೆಯಂತೆ ಬಡಿಯಿತು. ಸಣ್ಣಕ್ಕ ತೊಟ್ಟಿಯ ಅಂಚಿಗೆ ಬಿದ್ದಳು, ತುಟಿ ಸೀಳಿತು. ಬಾಯಿಂದ ಸುರಿದ ರಕ್ತ ಬಿಳಿ ಹೊದಿಕೆಯ ಮೇಲೆ ಹರಡುವುದನ್ನು ನೋಡಿ ಮೇಸ್ತ್ರಿ, ಕಲೆ ಹೋಗೋವರೆಗೂ ಅದನ್ನು ನೀನೇ ಉಜ್ಜು, ಸೋಪಿನ ಕಾಸು ನಿನ್ನ ಕೂಲಿಯಲ್ಲಿ ಹಿಡೀತೀನಿ ಅಂದ.

ಇಸ್ತ್ರಿ ಯಂತ್ರಗಳ ಮುಂದಿದ್ದ ಹೆಂಗಸರು ತಲೆ ಎತ್ತಲಿಲ್ಲ. ಎಲ್ಲರೂ ಅವನ ಸಾಲದಲ್ಲಿ ಮುಳುಗಿದವರೇ.

ಸಣ್ಣಕ್ಕ ಹೆಸರಿಗಷ್ಟೇ ಸಣ್ಣವಳು. ಆಳೆತ್ತರದ ಹೆಂಗಸು, ಒದ್ದೆ ಬಟ್ಟೆಯ ಮೂಟೆಯನ್ನು ಒಬ್ಬಳೇ ಹೆಗಲಿಗೇರಿಸುತ್ತಿದ್ದಳು. ಅವಳು ಕೆಲಸಕ್ಕೆ ಸೇರಿದಾಗ ಅಲ್ಲಿ ಅವಳಿಗಿಂತ ದಪ್ಪನೆಯ ಇನ್ನೊಬ್ಬಳು ಅಕ್ಕ ಇದ್ದಳು, ಅದಕ್ಕೆ ಇವಳು ಸಣ್ಣಕ್ಕ ಆದಳು. ಆ ಅಕ್ಕ ಉಬ್ಬಸ ಬಂದು ಸತ್ತ ಮೇಲೂ ಹೆಸರು ಹಾಗೇ ಉಳಿಯಿತು.

ಸಾಲ ಗಂಡನ ಬೆನ್ನಿನದು. ಅವನು ಕಟ್ಟಡಗಳಿಗೆ ಬಣ್ಣ ಬಳಿಯುವವನು. ಸಾರುವೆಯ ಬಿದಿರು ಮುರಿದು ಅವನು ಮೇಲಿನಿಂದ ಬಿದ್ದ ದಿನ ಆಸ್ಪತ್ರೆಯವರು ಮೊದಲು ದುಡ್ಡು ಕಟ್ಟಿ ಅಂದಾಗ ಕೊಟ್ಟವನು ಮೇಸ್ತ್ರಿಯೇ. ಕೊಡುವಾಗ ಅವಳ ತಲೆ ಸವರಿ, ನೀನು ನನ್ನ ತಂಗಿ ಇದ್ದ ಹಾಗೆ ಅಂದಿದ್ದ. ಆಮೇಲಿಂದ ಪ್ರತಿ ವಾರದ ಕೂಲಿ ಅವಳ ಕೈಗೆ ಬರುವ ಮೊದಲೇ ಬಡ್ಡಿಗೆ ಹೋಗುತ್ತಿತ್ತು. ಉಳಿದ ಚೂರುಪಾರಿನಲ್ಲಿ ಮನೆ ಬಾಡಿಗೆ, ಗಂಡನ ಮಾತ್ರೆ. ಅಸಲು ಕಲ್ಲಿನ ಹಾಗೆ ಕೂತಲ್ಲೇ ಕೂತಿತ್ತು. ಗಂಡ ಸೊಂಟದಿಂದ ಕೆಳಗೆ ಮೈ ಸತ್ತು ಮಂಚದ ಮೇಲಿದ್ದ.

ಬಿಟ್ಟಿಯಾಗಿ ಕೇಸು ನೋಡುವ ವಕೀಲಮ್ಮನ ವಿಷಯ ಅವಳಿಗೆ ತಿಳಿದದ್ದು ಆಸ್ಪತ್ರೆಯ ಆಯಾಳಿಂದ. ಟೈರು ಅಂಗಡಿಯ ಮೇಲೆ ಒಂದು ಕೋಣೆ, ಗೋಡೆಗೆ ಒರಗಿಸಿಟ್ಟ ಫೈಲುಗಳು, ಒಂದು ಕಾಲು ಕುಂಟುವ ಬೆಂಚು. ವಕೀಲಮ್ಮ ಕಡಲೆಬೀಜ ತಿನ್ನುತ್ತಲೇ ಎಲ್ಲ ಕೇಳಿಸಿಕೊಂಡಳು. ಅಯ್ಯೋ ಪಾಪ ಅನ್ನಲಿಲ್ಲ. ದಿವಾಳಿ ಅರ್ಜಿ ಹಾಕಬಹುದು ಅಂದಳು.

ಸಣ್ಣಕ್ಕನಿಗೆ ನಗು ಬಂತು. "ದಿವಾಳಿ ಅಂದ್ರೆ ದೊಡ್ಡೋರು ಮಾಡೋದು ಅನ್ಕೊಂಡಿದ್ದೆ ಕಣಮ್ಮ. ನಾವೇನಿದ್ರೂ ನೇಣು ಹಾಕ್ಕೊಳೋರು."

"ದೊಡ್ಡೋರಿಗೆ ಈ ಬಾಗಿಲು ಗೊತ್ತು. ನಿಮಗೆ ಯಾರೂ ಹೇಳಿಲ್ಲ, ಅಷ್ಟೇ ವ್ಯತ್ಯಾಸ."

ಏನೇನು ಬೇಕು ಅಂತ ವಕೀಲಮ್ಮ ವಿವರಿಸಿದಳು. ಮನೆಯಲ್ಲಿ ಇರುವ ವಸ್ತು, ಬರುವ ಕೂಲಿ, ಯಾರ್ಯಾರಿಗೆ ಎಷ್ಟು ಬಾಕಿ, ಎಲ್ಲ ಬರೆಸಬೇಕು. ಒಂದು ಚಮಚ ಮುಚ್ಚಿಟ್ಟರೂ ಕೋರ್ಟಿನಲ್ಲಿ ಸುಳ್ಳು ಹೇಳಿದ ಹಾಗೆ. ಹೊಸ ಸಾಲ ಮಾಡಬಾರದು, ಕೆಲಸ ಬಿಡಬಾರದು. ಕೋರ್ಟು ಅರ್ಜಿ ತೆಗೆದುಕೊಂಡು ತಡೆ ಕೊಟ್ಟಿತೆಂದರೆ ಯಾರೂ ವಸೂಲಿಗೆ ಬರುವ ಹಾಗಿಲ್ಲ. ಸಾಲ ಕೊಟ್ಟವನು ತಾನು ಕೊಟ್ಟದ್ದೆಷ್ಟು, ತಿಂದದ್ದೆಷ್ಟು ಅಂತ ಜಡ್ಜ್ ಮುಂದೆ ಬಾಯಿ ಬಿಡಬೇಕು. ಅದಕ್ಕೆ ಮೊದಲು ಅವನಿಗೊಂದು ಕಾಗದ ಹೋಗಬೇಕು, ಲೆಕ್ಕ ಕೇಳಿ.

ಆ ಕಾಗದ ಮೇಸ್ತ್ರಿಗೆ ತಲುಪಿದ ಬೆಳಿಗ್ಗೆಯೇ ಸಣ್ಣಕ್ಕನ ತುಟಿ ಸೀಳಿದ್ದು.

ಗಂಡನಿಗೆ ಇದೆಲ್ಲ ಬೇಡವಾಗಿತ್ತು. ನಾಲ್ಕು ಜನರ ಮುಂದೆ ಕೈಯೆತ್ತಿ ಬಿಡೋದೇ, ನಾನು ಸತ್ತಿದ್ರೇ ವಾಸಿಯಿತ್ತು ಅನ್ನುತ್ತಿದ್ದ. ಅವತ್ತು ಅವಳ ಊದಿದ ಮುಖ ನೋಡಿ ಹೇಳಿದ: "ನಾನು ಬಿದ್ದಾಗ ಕೆಳಗೆ ನೆಲನಾದ್ರೂ ಇತ್ತು ಕಣೇ. ನೀನು ಬೀಳ್ತಿರೋ ಕಡೆ ಅದೂ ಇಲ್ಲ."

"ಬೀಳ್ತಿಲ್ಲ ರೀ. ಇಳೀತಿದೀನಿ," ಅಂದಳು ಸಣ್ಣಕ್ಕ.

ಮಾತು ಮುಗಿಯುವ ಮೊದಲೇ ಬಾಗಿಲು ಒದೆಸಿಕೊಂಡು ತೆರೆಯಿತು. ಮೇಸ್ತ್ರಿಯ ಆಳುಗಳಿಬ್ಬರು. ಒಬ್ಬ ಸಣ್ಣಕ್ಕನ ಕೂದಲು ಹಿಡಿದು ಗೋಡೆಗೆ ಒತ್ತಿದ. ಇನ್ನೊಬ್ಬ ಮಂಚದ ಒಂದು ಬದಿಯನ್ನು ಎತ್ತಿ, ಕಸ ಸುರಿಯುವ ಹಾಗೆ ಗಂಡನನ್ನು ನೆಲಕ್ಕೆ ಸುರಿದ. ಅವನ ತಲೆ ಗಚ್ಚಿನ ನೆಲಕ್ಕೆ ಬಡಿದ ಸದ್ದಿಗೆ ಪಕ್ಕದ ಮನೆಯ ರೇಡಿಯೊ ಬಂದ್ ಆಯಿತು. ಆದರೆ ಯಾರೂ ಹೊರಗೆ ಬರಲಿಲ್ಲ. ಮಂಚ, ಒಲೆ, ಪಾತ್ರೆಗಳು, ಹೊಲಿಗೆ ಯಂತ್ರ ಎಲ್ಲ ಬೀದಿಯಲ್ಲಿದ್ದ ಗಾಡಿಗೆ ಹೋದವು. ಕೊನೆಗೆ ಗಂಡನ ಬಣ್ಣದ ಕುಂಚಗಳು. ಅವನ್ನಾದರೂ ಬಿಡ್ರೋ ಅಂತ ಅವನು ನೆಲದಿಂದಲೇ ಆಳಿನ ಕಾಲು ಹಿಡಿದ. ಆಳು ಬೂಟಿನಲ್ಲಿ ಆ ಕೈಯನ್ನು ತುಳಿದು, ಬೆರಳುಗಳು ಮುರಿಯುವವರೆಗೂ ಹಿಮ್ಮಡಿ ತಿರುಗಿಸಿದ.

"ಅರ್ಜಿ ಗಿರ್ಜಿ ಅಂದ್ರೆ ಇನ್ನೊಂದು ಕೈ ಐತೆ," ಅಂದು ಹೋದರು.

ಪೊಲೀಸ್ ಠಾಣೆಯ ದಫೇದಾರ ದೂರು ಬರೆದುಕೊಳ್ಳಲಿಲ್ಲ. ಸಾಲ ತಿನ್ನುವಾಗ ನಮ್ಮನ್ನು ಕೇಳಿ ತಿಂದೆಯಾ ಅಂದ. ಮಾನ ಇರುವವರು ಕೊಟ್ಟು ತೀರಿಸ್ತಾರೆ, ಇಲ್ಲ ಊರು ಬಿಡ್ತಾರೆ, ನಿನ್ನ ಹಾಗೆ ಕೋರ್ಟಿಗೆ ಹೋಗಿ ಬೆತ್ತಲೆ ನಿಲ್ಲಲ್ಲ ಅಂದ. ಮಾತಾಡುತ್ತಲೇ ಅವಳ ಎದೆ ನೋಡುತ್ತಿದ್ದ. ಆ ಮೇಸ್ತ್ರಿಯ ಹತ್ತಿರ ತಗ್ಗಿ ಬಗ್ಗಿ ಹೋಗು, ಗಟ್ಟಿಮುಟ್ಟಾಗಿದೀಯ, ಏನೋ ಒಂದು ದಾರಿ ಮಾಡ್ತಾನೆ ಅಂತ ಬುದ್ಧಿ ಹೇಳಿ ಕಳಿಸಿದ.

ಮಾರನೆಯ ದಿನ ವಕೀಲಮ್ಮ ಮೊದಲ ಸಲ ಕಡಲೆಬೀಜದ ಪೊಟ್ಟಣ ಪಕ್ಕಕ್ಕಿಟ್ಟಳು. ಕಾಗದ ಕಳಿಸಲೇಬೇಕಿತ್ತು, ಹೀಗಾಗಬಹುದು ಅಂತ ಹೇಳಬೇಕಿತ್ತು, ಹೇಳಲಿಲ್ಲ ಅಂದಳು. ಬೇಡ ಅನ್ನಿಸಿದರೆ ಈಗಲೂ ನಿಲ್ಲಿಸಬಹುದು ಅಂದಳು. ಸಣ್ಣಕ್ಕ ಕೇಳಿದ್ದು ಒಂದೇ. ಇದೆ ಅಂತ ಬರೆಸಿದ ಸಾಮಾನು ಈಗ ಇಲ್ಲ, ಅದು ಸುಳ್ಳಾಗಲ್ಲವೇ?

ಸಾಮಾನು ನಿಮ್ಮದೇ, ಈಗ ಯಾರ ಹತ್ತಿರ ಇದೆ ಅಂತ ಬರೆದರಾಯಿತು ಅಂದು ವಕೀಲಮ್ಮ ಹಾಳೆ ಹೊಸದಾಗಿ ಬರೆದಳು. ಹೇಗೆ ಹೋಯಿತು ಅನ್ನುವುದನ್ನೂ ಬರೆದಳು. ಸಂಜೆ ಬಂದು ಸಹಿ ಹಾಕಿದರೆ ಮರುದಿನವೇ ಕೋರ್ಟಿಗೆ.

ಕೆಲಸ ಬಿಡಬಾರದು ಅಂದಿದ್ದರಿಂದ ಸಣ್ಣಕ್ಕ ಅಲ್ಲಿಂದ ನೇರ ಬಟ್ಟೆ ತೊಳೆಯುವ ಕಾರ್ಖಾನೆಗೆ ಹೋದಳು. ಮೇಸ್ತ್ರಿ ಬಾಯ್ಲರಿನ ಪಕ್ಕ ಕಾಯುತ್ತಿದ್ದ. ಕೈಯಲ್ಲಿ ಒಂದು ಕಾಗದ. ನಾನು ಯಾವ ಅರ್ಜಿಯನ್ನೂ ಹಾಕೋದಿಲ್ಲ, ಸಾಮಾನು ನಾನೇ ಖುಷಿಯಾಗಿ ಕೊಟ್ಟೆ ಅಂತ ಅದರಲ್ಲಿ ಬರೆದಿತ್ತು. ಸಹಿ ಹಾಕು ಅಂದ. ಅವಳು ಹಾಕುವುದಿಲ್ಲ ಅಂದಳು. ಮೇಸ್ತ್ರಿ ಕಾಗದವನ್ನು ಜೇಬಿಗೆ ತುರುಕಿ, ಒದ್ದೆ ಹೊದಿಕೆಯೊಂದನ್ನು ಎಳೆದುಕೊಂಡು ಹಿಂದಿನಿಂದ ಅವಳ ಕುತ್ತಿಗೆಗೆ ಸುತ್ತಿ ಹಿಂಡತೊಡಗಿದ.

"ನಿನ್ನೊಬ್ಬಳನ್ನ ಬಿಟ್ರೆ ನಾಳೆ ಈ ಮುಂಡೇರೆಲ್ಲ ದಿವಾಳಿ ಏಳ್ತಾರೆ. ಹಾಕ್ತೀಯೋ, ಸಾಯ್ತೀಯೋ?"

ಸಣ್ಣಕ್ಕನ ಕಣ್ಣು ಕತ್ತಲಿಟ್ಟಿತು. ಕೈ ಗೋಡೆಯನ್ನು ತಡಕಾಡಿತು. ಸಿಕ್ಕಿದ್ದು ತೊಟ್ಟಿಗೆ ಕುದಿನೀರು ಬಿಡುವ ಪೈಪು. ಅವಳು ಅದರ ಬಾಯನ್ನು ಹಿಂದಕ್ಕೆ ತಿರುಗಿಸಿ ನಲ್ಲಿಯ ತಿರುಪು ತೆರೆದಳು.

ಮೇಸ್ತ್ರಿ ಕಿರುಚಿದ್ದು ಮನುಷ್ಯರ ದನಿಯಂತಿರಲಿಲ್ಲ. ಅವನು ಹೊದಿಕೆ ಬಿಟ್ಟು ಕೆಳಗೆ ಬಿದ್ದ. ಸಣ್ಣಕ್ಕ ತಿರುಪು ಮುಚ್ಚಲಿಲ್ಲ. ಕೆಮ್ಮುತ್ತ, ಉಸಿರಿಗೆ ಒದ್ದಾಡುತ್ತ, ಅವನು ತೆವಳಿದ ಕಡೆಗೆಲ್ಲ ನೀರು ತಿರುಗಿಸಿದಳು. ತೊಡೆಯ ಚರ್ಮ ಪ್ಯಾಂಟಿನ ಜೊತೆ ಬಿಟ್ಟುಕೊಂಡಿತು. ಹಬೆಯಲ್ಲಿ ಏನೂ ಕಾಣದಂತಾಯಿತು. ಕೊನೆಗೆ ಇಸ್ತ್ರಿ ಮಾಡುವ ಮುದುಕಿಯೊಬ್ಬಳು ಬಂದು ತಿರುಪು ಮುಚ್ಚಿದಳು.

"ಸಾಕು ಬಿಡೇ. ಇವನು ಸತ್ರೆ ಬಡ್ಡಿ ಇವನ ಮಗ ತಿಂತಾನೆ, ಅಷ್ಟೇ."

ಮೇಸ್ತ್ರಿ ಸಾಯಲಿಲ್ಲ. ಸಣ್ಣಕ್ಕನನ್ನು ಪೊಲೀಸರು ಎಳೆದುಕೊಂಡು ಹೋದರು. ಠಾಣೆಯಲ್ಲಿ ಅದೇ ದಫೇದಾರ ಅವಳ ಅಂಗಾಲಿಗೆ ಲಾಠಿಯಲ್ಲಿ ಹೊಡೆದ. ಅವಳು ಅಳದಿದ್ದಾಗ ಮತ್ತೆ ಹೊಡೆದ.

ಸಂಜೆ ವಕೀಲಮ್ಮ ಅರ್ಜಿಯ ಸಮೇತ ಬಂದಳು. ದಫೇದಾರ ಸಣ್ಣಕ್ಕನನ್ನು ನೋಡಲು ಬಿಡುವುದಿಲ್ಲ ಅಂದ. ಅವಳು ಗೊಣಗದೆ ಅವನ ಮೇಜಿನ ಮೇಲೆಯೇ ಕೂತು ಮೇಲಿನ ಅಧಿಕಾರಿಗೆ ಫೋನು ಹಚ್ಚಿದ ಮೇಲೆ ಬಿಟ್ಟ. ಲಾಕಪ್ಪಿನ ಸರಳಿನಾಚೆ ಸಣ್ಣಕ್ಕ ನಿಲ್ಲಲಾಗದೆ ಮೊಣಕಾಲ ಮೇಲೆ ಕೂತಿದ್ದಳು. ಗಂಡನ ಬೆರಳುಗಳಿಗೆ ಕಟ್ಟು ಹಾಕಿಸಿ ಆಯಾ ಅವನ ಜೊತೆಗಿದ್ದಾಳೆ ಅಂತ ವಕೀಲಮ್ಮ ತಿಳಿಸಿದಳು. ಸಾಲ ತೀರಬಹುದು, ಈ ಕೇಸು ತೀರುವುದಿಲ್ಲ, ವರ್ಷಗಟ್ಟಲೆ ಒಳಗಿರಬೇಕಾಗಬಹುದು ಅಂತ ನೇರವಾಗಿಯೇ ಹೇಳಿದಳು. ಅರ್ಜಿಯಲ್ಲಿ ಏನಾದರೂ ಬದಲಾಯಿಸಬೇಕಾ ಅಂತ ಕೇಳಿದಳು.

"ಕೆಲಸ ಹೋಯ್ತಲ್ಲ, ಅದನ್ನ ತೆಗೀರಿ. ಮಿಕ್ಕಿದ್ದು ಹಂಗೇ ಇರ್ಲಿ. ಒಂದ್ಸಲ ಓದಿ."

ಠಾಣೆಯ ಹೊರಗಿನ ಬೆಂಚಿನ ಮೇಲೆ ಮೇಸ್ತ್ರಿಯ ಆಳುಗಳು ಕೂತಿದ್ದರು. ಅವರಿಂದ ಸ್ವಲ್ಪ ದೂರ, ಮೆಟ್ಟಿಲ ಮೇಲೆ, ಇಸ್ತ್ರಿಯ ಮುದುಕಿಯೂ ಕಾರ್ಖಾನೆಯ ಒಂದಿಷ್ಟು ಹೆಂಗಸರೂ ಕೆಲಸದ ಒದ್ದೆ ಬಟ್ಟೆಯಲ್ಲೇ ಬಂದು ಕೂತಿದ್ದರು. ಏಳಿ ಏಳಿ ಅಂತ ಪೇದೆ ಗದರುತ್ತಿದ್ದ, ಅವರು ಏಳುತ್ತಿರಲಿಲ್ಲ.

ವಕೀಲಮ್ಮ ಮೆಲ್ಲಗೆ ಓದತೊಡಗಿದಳು. ಮೇಸ್ತ್ರಿಯ ಹೆಸರು, ಅವನು ಕೊಟ್ಟ ಅಸಲು, ಕಿತ್ತುಕೊಂಡ ಬಡ್ಡಿ, ಹೊತ್ತೊಯ್ದ ಮಂಚ, ಒಲೆ, ಕುಂಚ, ದೂರು ತೆಗೆದುಕೊಳ್ಳದ ದಫೇದಾರ.

ದಫೇದಾರ ಕುರ್ಚಿಯಿಂದ ಎದ್ದ. ಲಾಠಿ ಅವನ ಕೈಗೆ ಬಂತು.

ಸಣ್ಣಕ್ಕ ಎರಡೂ ಕೈಗಳಿಂದ ಸರಳು ಹಿಡಿದು, ಹೊಡೆತ ತಿಂದ ಅಂಗಾಲುಗಳ ಮೇಲೆ ಎದ್ದು ನಿಂತಳು.

"ಜೋರಾಗಿ ಓದಿ ವಕೀಲಮ್ಮ," ಅಂದಳು. "ಮೆಟ್ಲ ಮೇಲೆ ಕೂತೋರಿಗೆ ಕೇಳ್ತಿಲ್ಲ."