ಹುಣಸೆಹಣ್ಣು ಹಾಕಿ ತಿಕ್ಕಿದ ಲೆನ್ಸು

ಜಗದಾಂಬಾ ಒರಳಲ್ಲಿ ಚಟ್ನಿ ರುಬ್ಬುತ್ತಿದ್ದಳು. ಗುಂಡುಕಲ್ಲು ನಾಲ್ಕು ಸುತ್ತು ಬಂದಿರಲಿಲ್ಲ, ಹಿತ್ತಲ ಕೋಣೆಯಿಂದ ಗಂಡ ಸೇತುರಾಮನ ಕೂಗು ಕೇಳಿಸಿತು.

"ಏ ಇವಳೇ, ಬಾ ಇಲ್ಲಿ! ನನ್ನ ಕಣ್ಣಿಗೇನಾದ್ರೂ ಆಗಿದ್ಯಾ ನೋಡು!"

ಕೈ ತೊಳೆಯದೆ ಓಡಿದಳು. ಏಳು ವರ್ಷದ ಮಗಳು ಸೀತಾ ಸೆರಗು ಹಿಡಿದು ಹಿಂದೆಯೇ ಬಂದಳು. ಕಿಟಕಿಗೆ ಕಂಬಳಿ ಕಟ್ಟಿದ ಕತ್ತಲಲ್ಲಿ, ಗೋಡೆಗೆ ಹರಡಿದ ಬಿಳಿ ಪಂಚೆಯ ಮೇಲೆ, ರಾಜನೋ ರಾಣಿಯೋ ತಿಳಿಯದ ಮಸುಕು ಆಕಾರವೊಂದು ಓಡಾಡುತ್ತಿತ್ತು. ಮಾತು ಮಾತ್ರ ಸ್ಪಷ್ಟ.

ಆ ಮಾತಿಗಾಗಿಯೇ ಮೂರು ತಿಂಗಳ ಪಾಡು. ಹೊಸಹಳ್ಳಿಯ ಟೆಂಟ್ ಸಿನಿಮಾದ ಬಸವಲಿಂಗಪ್ಪ ಮೂಕಿ ಚಿತ್ರದ ಕಾಲದ ಪ್ರೊಜೆಕ್ಟರೊಂದನ್ನು ಗಾಡಿಯಲ್ಲಿ ಹೇರಿಸಿ ತಂದು, "ಇದಕ್ಕೆ ಮಾತು ಬರಿಸಯ್ಯಾ, ನೀನೇ ನಮ್ಮ ಆಪರೇಟರು" ಎಂದಿದ್ದರು. ಸೇತುರಾಮ ತುಕ್ಕು ಕೆರೆದ, ಹಲ್ಲು ಸವೆದ ಚಕ್ರ ಬದಲಿಸಿದ, ಧ್ವನಿಯ ಪೆಟ್ಟಿಗೆ ಕೂರಿಸಿದ. ಇವತ್ತು ಶುಕ್ರವಾರ, ಸಂಜೆ ಮೊದಲ ಆಟ. ಬುಧವಾರವಷ್ಟೇ ರಾಣಿಯ ಮೂಗುತಿಯ ಹರಳು ಎಣಿಸುವಷ್ಟು ಚೊಕ್ಕವಾಗಿತ್ತು ಚಿತ್ರ.

ನಡುವೆ ಬಂದದ್ದು ಗುರುವಾರ. ಜಗದಾಂಬಾ ದೇವರ ಪಾತ್ರೆ ಬೆಳಗುವ ದಿನ.

ಇಡೀ ರಾಜಾಜಿನಗರದಲ್ಲಿ ತನ್ನಷ್ಟು ಚೆನ್ನಾಗಿ ಹಿತ್ತಾಳೆ ತಿಕ್ಕುವವರಿಲ್ಲ ಎಂಬುದು ಅವಳ ಅಭಿಪ್ರಾಯ. ಬೇರೆ ಯಾರನ್ನೂ ಅವಳು ಕೇಳಿರಲಿಲ್ಲ. ದೀಪದ ಕಂಬ ಮುಗಿದಾಗ ಕಣ್ಣು ಪ್ರೊಜೆಕ್ಟರಿನ ಲೆನ್ಸಿನ ಮೇಲೆ ಬಿತ್ತು. ಹಿತ್ತಾಳೆಯ ಕೊಳವೆ, ಕರ್ರಗಾಗಿತ್ತು. ಗಂಡ ಮನೆಯಲ್ಲಿರಲಿಲ್ಲ. ಸುಮ್ಮನೆ ತಿರುಪಿದಳು, ಒಳಗಿನಿಂದ ನಾಲ್ಕು ಗಾಜು ಮಡಿಲಿಗೆ ಬಿದ್ದವು. ಬುದ್ಧಿಯಿದ್ದವಳು ಅಲ್ಲಿಗೇ ಬಿಡುತ್ತಿದ್ದಳು. ಇವಳು ಕೊಳವೆಗೆ ಹುಣಸೆಹಣ್ಣು ಹಚ್ಚಿ ತಿಕ್ಕಿ, ಗಾಜುಗಳನ್ನು ತೊಳೆದು ಒರೆಸಿ, ಡಬ್ಬಿಗೆ ಮುಚ್ಚಳ ಹಾಕಿದಂತೆ ಒಂದೊಂದಾಗಿ ಒಳಗಿಳಿಸಿದಳು.

"ಉಬ್ಬಿದ್ದು ಆ ಕಡೆ ಇತ್ತಮ್ಮಾ" ಎಂದಿದ್ದಳು ಪಕ್ಕದಲ್ಲಿದ್ದ ಸೀತಾ.

"ನಂಗೊತ್ತು, ಸುಮ್ನಿರೇ."

ಅಷ್ಟಕ್ಕೇ ನಿಲ್ಲಲಿಲ್ಲ. ಪಕ್ಕದ ಮನೆಯ ಬಸವರಾಜೇಶ್ವರಿಗೆ, "ಇವರು ಮೂರು ತಿಂಗಳು ಒದ್ದಾಡಿದ್ರು ಕಣ್ರೀ, ಮಷೀನಿಗೆ ಕಳೆ ಬಂದಿದ್ದು ನನ್ನ ಕೈಯಿಂದ್ಲೇ" ಎಂದೂ ಹೇಳಿ ಬಂದಳು. ರಾತ್ರಿ ಸೇತುರಾಮ, ಹೊರಗಷ್ಟೇ ಒರೆಸಿದ್ದಾಳೆಂದುಕೊಂಡು, "ಪರವಾಗಿಲ್ವೇ, ಫಳಫಳ ಅಂತಿದೆ" ಎಂದು ಮೆಚ್ಚಿದ್ದ.

ಈಗ ಕತ್ತಲಲ್ಲಿ ಅವಳಿಗೆ ಆ ನಾಲ್ಕು ಗಾಜು ನೆನಪಾದವು.

"ಚೆನ್ನಾಗೇ ಇದ್ಯಲ್ಲ" ಎಂದಳು. "ಮಂಜು ಬಿದ್ದಿರೋ ಸೀನೇನೋ."

"ಅರಮನೆ ಒಳಗೆ ಮಂಜಾ?"

"ಅಮ್ಮಾ..." ಎಂದಳು ಸೀತಾ.

"ನೀನು ಹೋಗಿ ಚಟ್ನಿ ಮುಚ್ಚಿಡು ಪುಟ್ಟಾ."

ಲೆನ್ಸನ್ನು ಹಿಂದೆ ಮುಂದೆ ಎಷ್ಟು ಸರಿಸಿದರೂ ಮಸುಕು ಹೋಗಲಿಲ್ಲ. ಸೇತುರಾಮ ತಾನೇ ಕೂರಿಸಿದ್ದ ಚಕ್ರಗಳನ್ನು ಒಂದೊಂದಾಗಿ ಬಿಚ್ಚತೊಡಗಿದ. ಜಗದಾಂಬಾ ಎಲ್ಲ ಹೇಳಿಬಿಡಬೇಕೆಂದು ಎರಡು ಸಲ ಕಾಫಿ ತಂದಳು. ಎರಡು ಸಲವೂ ಬಾಯಿಂದ ಬಂದದ್ದು, "ಸಕ್ಕರೆ ಸಾಕಾ?"

ಹತ್ತು ಗಂಟೆಗೆ ಬಸವಲಿಂಗಪ್ಪ ಸೈಕಲ್ಲಿನಲ್ಲಿ ಬಂದರು. ಪಂಚೆ ನೋಡಿ ಕನ್ನಡಕ ತೆಗೆದರು, ಹಾಕಿದರು, ಮತ್ತೆ ತೆಗೆದರು.

"ಏನಯ್ಯಾ ಸೇತು, ಬಾಯಿ ಬರಿಸು ಅಂದ್ರೆ ಕಣ್ಣಿಗೆ ಪೊರೆ ಬರಿಸಿದ್ಯಲ್ಲ! ಬೇಡಪ್ಪ, ಪೇಟೆಯಿಂದ ಮೆಕ್ಯಾನಿಕ್ಕನ್ನ ಕರ್ಕೊಂಡು ಬರ್ತೀನಿ. ಆಪರೇಟರೂ ಅವನೇ ಆಗ್ಲಿ."

ಸೇತುರಾಮ ಗ್ರೀಸು ಮೆತ್ತಿದ ತನ್ನ ಕೈಗಳನ್ನೇ ನೋಡಿಕೊಂಡ.

"ಆಗ್ಲಿ ಸಾರ್. ನನ್ನ ಕೈಲಾಗೋ ಕೆಲ್ಸ ಅಲ್ಲ ಇದು."

ಮೂರು ತಿಂಗಳಲ್ಲಿ ಒಂದು ದಿನವೂ ಅವನು ಆ ಮಾತು ಆಡಿರಲಿಲ್ಲ. ಜಗದಾಂಬಾ ಇನ್ನು ತಡೆಯಬಾರದೆಂದು ಎರಡು ಹೆಜ್ಜೆ ಮುಂದೆ ಬಂದು, ಬಾಯಿ ತೆರೆದು, "ಸ್ವಾಮಿ, ಕಾಫಿ ತಗೋತೀರಾ?" ಎಂದಳು.

ಸೀತಾ ಅವಳ ಸೆರಗು ಬಿಟ್ಟು ನೇರ ಅಪ್ಪನ ಮುಂದೆ ಹೋಗಿ ನಿಂತಳು.

"ಅಪ್ಪಾ, ಒಳಗಿನ ಗಾಜುಗಳನ್ನ ತೊಳ್ದು, ಹಿಂದೆ ಮುಂದಾಗಿ ಹಾಕಿದ್ರೆ ಬೊಂಬೆ ಹಿಂಗೇ ಕಾಣುತ್ತಾ?"