ಗಿರಣಿಯ ಟಕ್

ನಮ್ಮವರಿಗೆ ಈಗ ದನಿ ಇಲ್ಲ. ಗಂಟಲಿನ ಆಪರೇಶನ್ ಆದಮೇಲೆ ಬಾಯಿ ಬಿಟ್ಟರೆ ಬರೀ ಗಾಳಿ. ಮನೆಯಲ್ಲಿ ಮೊದಲಿನಿಂದಲೂ ಮಾತಿನ ಗುತ್ತಿಗೆ ನನ್ನದೇ ಆದ್ದರಿಂದ ಹೊರಗಿನವರಿಗೆ ಹೆಚ್ಚು ವ್ಯತ್ಯಾಸ ತಿಳಿಯಲಿಲ್ಲ. ಅವರೂ ಕೈಸನ್ನೆ, ಕಣ್ಸನ್ನೆಯಲ್ಲಿ ಹೇಗೋ ನಿಭಾಯಿಸಿಕೊಂಡರು. ಆದರೆ ಮಗಳಿಗೆ ಮಗು ಹುಟ್ಟಿದ ಮೇಲೆ ಅವರ ಮುಖ ನೋಡಲಾಗುತ್ತಿರಲಿಲ್ಲ. ಮಗು ಅತ್ತರೆ ಸಾಕು, ಚಪ್ಪಲಿ ಮೆಟ್ಟಿಕೊಂಡು ಹಿತ್ತಲಿಗೆ ಹೋಗಿಬಿಡುತ್ತಿದ್ದರು.

ಯಾಕೆಂದು ನನಗೆ ಗೊತ್ತಿತ್ತು. ಮಗಳು ಬಸುರಿ ಎಂದು ತಿಳಿದ ದಿನ, ಇನ್ನೂ ದನಿ ಇದ್ದಾಗ, "ಮಗು ಅಳೋದರ ಚಿಂತೆ ನಿಮಗೆ ಬೇಡ, ಅದು ನನ್ನ ಇಲಾಖೆ," ಎಂದು ಅಳಿಯನ ಬೆನ್ನು ತಟ್ಟಿದ್ದರು. ಆಪರೇಶನ್ ನಡುವೆ ಬಂದು ಆ ಇಲಾಖೆಯನ್ನೇ ಕಿತ್ತುಕೊಂಡಿತು. ಅವರೆದುರು ಆ ಮಾತೆತ್ತಲು ನನಗೂ ಧೈರ್ಯವಿರಲಿಲ್ಲ, ಮಗಳಿಗೂ ಇರಲಿಲ್ಲ.

ಅವರು ಹೇಳಿದ್ದು ಬಡಾಯಿ ಅಲ್ಲ. ಮದುವೆಯಾದ ಹೊಸತರಲ್ಲಿ ನಮ್ಮವರು ಹಿಟ್ಟಿನ ಗಿರಣಿಯಲ್ಲಿ ಕೆಲಸಕ್ಕಿದ್ದರು. ಗಿರಣಿಯ ಮೇಲಿನ ಒಂಟಿ ಕೋಣೆಯೇ ನಮ್ಮ ಮನೆ. ಬೆಳಿಗ್ಗೆ ಮೋಟಾರು ಶುರುವಾದರೆ ನೆಲ ಝುಮ್ಮೆನ್ನುತ್ತಿತ್ತು. ಸ್ಟವ್ ಮೇಲಿಟ್ಟ ಪಾತ್ರೆಯ ಮುಚ್ಚಳ ತನ್ನಷ್ಟಕ್ಕೆ ತಾನೇ ಗಿಲಿಗಿಲಿ ಎನ್ನುತ್ತಿತ್ತು. ಎಷ್ಟು ಒರೆಸಿದರೂ ಕಿಟಕಿಯ ಸರಳಿನ ಮೇಲೆ ಹಿಟ್ಟಿನ ಪುಡಿ. ಮಗಳು ಬಂದಿದ್ದು ಆ ಕೋಣೆಗೆ. ಹಾಲು ಕುಡಿದರೆ ನಿದ್ದೆ, ಎದ್ದರೆ ಹಾಲು. ನೋಡಲು ಬಂದವರೆಲ್ಲ "ಎಂಥ ಚಿನ್ನದಂಥ ಮಗು" ಎನ್ನುವರು. ನನಗೋ ಕೋಡು ಮೂಡಿತ್ತು. ಪಕ್ಕದ ಬೀದಿಯ ಬಾಣಂತಿಗೆ ಮಗು ಮಲಗಿಸುವುದು ಹೇಗೆಂದು ಉಪದೇಶ ಬೇರೆ ಮಾಡಿ ಬಂದಿದ್ದೆ, ಹತ್ತು ಹೆತ್ತವಳ ಹಾಗೆ.

ಆಮೇಲೆ ಎಲ್ಲರೂ ತಲೆ ತಿಂದರು, ಹಸುಗೂಸಿಗೆ ಹಿಟ್ಟಿನ ಧೂಳು ಒಳ್ಳೆಯದಲ್ಲ ಎಂದು. ಗಿರಣಿಯ ಯಜಮಾನರೂ ಅದನ್ನೇ ಹೇಳಿ, ಆ ಕೋಣೆಯಲ್ಲಿ ತಾವು ಚೀಲ ಇಟ್ಟುಕೊಳ್ಳುವುದಾಗಿ ಹೇಳಿದರು. ನಾವು ಬೀದಿ ದಾಟಿ, ಒಂದು ಓಣಿಯ ತುದಿಯಲ್ಲಿ ಬೇರೆ ಮನೆ ಹಿಡಿದೆವು. ಸೂಜಿ ಬಿದ್ದರೂ ಕೇಳಿಸುವಂಥ ಮನೆ. "ಇನ್ನು ಮಗು ಆರಾಮಾಗಿ ಮಲಗುತ್ತೆ ನೋಡು," ಎಂದರು ನಮ್ಮವರು.

ಮಗು ಅಂದು ತೆರೆದ ಬಾಯಿ ಮುಚ್ಚಲಿಲ್ಲ.

ಹಾಲು ಕೊಟ್ಟೆ, ಭುಜಕ್ಕೆ ಹಾಕಿಕೊಂಡು ತೇಗು ಬರಿಸಿದೆ, ಬಟ್ಟೆ ಬದಲಿಸಿದೆ, ಗ್ರೈಪ್ ವಾಟರ್ ಕುಡಿಸಿದೆ. ನಮ್ಮವರು ತೊಟ್ಟಿಲು ತೂಗಿ ತೂಗಿ ತೋಳು ನೋಯಿಸಿಕೊಂಡರು. ಡಾಕ್ಟರು ಅತ್ತಿತ್ತ ತಿರುಗಿಸಿ ನೋಡಿ, "ಗುಂಡುಕಲ್ಲಿನ ಹಾಗಿದೆ. ಮಕ್ಕಳು ಅಳ್ತವೆ, ಏನು ಮಾಡೋದು," ಎಂದು ಕೈಚೆಲ್ಲಿದರು. ಪಕ್ಕದ ಮನೆಯಾಕೆ ಬಾಗಿಲಲ್ಲಿ ನಿಂತು, "ಮಗು ತಾಯಿ ಕೈಗೆ ಒಗ್ಗಬೇಕು ಕಣಮ್ಮ. ಕೆಲವರ ಕೈಗೆ ಒಗ್ಗೋದೇ ಇಲ್ಲ," ಎಂದಳು.

"ಹಾಗಾದ್ರೆ ನಿಮ್ಮ ಕೈಗೇ ಕೊಡ್ತೀನಿ, ಸಂಜೆಗೆ ತಂದುಬಿಡಿ," ಎಂದೆ.

ಆಕೆ ಮತ್ತೆ ಈ ಕಡೆ ತಲೆಹಾಕಲಿಲ್ಲ. ಆದರೆ ಆ ಮಾತು ಮುಳ್ಳಿನ ಹಾಗೆ ಒಳಗೇ ಉಳಿಯಿತು. ಹೆತ್ತ ಮಗುವಿಗೇ ನಾನು ಬೇಡವಾದೆನೇನೋ ಎಂದು ಅದರ ಜೊತೆ ಕೂತು ನಾನೂ ಅತ್ತೆ.

ಒಂದು ಮಧ್ಯಾಹ್ನ ನಮ್ಮವರು ಊಟದ ಡಬ್ಬಿ ಮರೆತು ಹೋಗಿದ್ದರು. ಅಳುವ ಮಗುವನ್ನು ಹೆಗಲಿಗೆ ಹಾಕಿಕೊಂಡು, ಡಬ್ಬಿ ಹಿಡಿದು ನಡೆದೆ. ಬೀದಿಯವರೆಲ್ಲ ತಿರುಗಿ ತಿರುಗಿ ನೋಡಿದರು. ಗಿರಣಿಯ ಮೆಟ್ಟಿಲು ಹತ್ತಿದ್ದೇ ತಡ, ನಲ್ಲಿ ನಿಲ್ಲಿಸಿದ ಹಾಗೆ ಅಳು ನಿಂತಿತು. ಉಸಿರಾಡುತ್ತಿದೆಯೋ ಇಲ್ಲವೋ ಎಂದು ಮುಖ ನೋಡಿದರೆ, ಮಹಾರಾಯಿತಿ ಬಾಯಿ ಅರ್ಧ ತೆರೆದು ನಿದ್ದೆ ಹೋಗಿದ್ದಾಳೆ. ಹಿಟ್ಟಿಗೆ ಸರದಿ ನಿಂತಿದ್ದವರೆಲ್ಲ ನಕ್ಕರು. ನಮ್ಮವರು ಕಣ್ಣುರೆಪ್ಪೆಯವರೆಗೂ ಹಿಟ್ಟು ಮೆತ್ತಿಕೊಂಡು ಬಂದು, ಒಮ್ಮೆ ಮಗುವನ್ನು ನೋಡಿದರು, ಒಮ್ಮೆ ಮೋಟಾರನ್ನು ನೋಡಿದರು.

"ಅಯ್ಯೋ ಪಾಪ," ಎಂದರು, "ಇವಳಿಗೆ ಗಿರಣಿ ಬೇಕಿತ್ತು ಕಣೇ. ನಾವು ದೂರ ಕರ್ಕೊಂಡು ಹೋಗಿಬಿಟ್ವಿ."

ಗಿರಣಿಯನ್ನು ಮನೆಗೆ ಹೊತ್ತು ತರಲಾದೀತೇ? ಅಂದು ಸಂಜೆ ನಮ್ಮವರು ಸ್ನಾನ ಮಾಡಿ, ಮಂಚಕ್ಕೆ ಒರಗಿ, ಮಗುವನ್ನು ಬರೀ ಎದೆಯ ಮೇಲೆ ಬೋರಲು ಹಾಕಿಕೊಂಡು, ಬಾಯಿ ಮುಚ್ಚಿ "ಹೂಂ" ಎಂದು ಎಳೆದರು. ಅವರದು ಹಂಡೆಯೊಳಗಿಂದ ಬಂದಂಥ ದನಿ. ಮಂಚದ ಹಲಗೆಯೂ ಅದುರುತ್ತಿತ್ತು. ಮಗು ಅಳು ನಿಲ್ಲಿಸಿ ಕಿವಿಗೊಟ್ಟಿತು. ಆಮೇಲೆ ಮೋಸ ಗೊತ್ತಾದ ಹಾಗೆ ಮತ್ತೆ ಶುರು ಮಾಡಿತು.

"ಟಕ್ ಎಲ್ಲಿ?" ಎಂದೆ ನಾನು.

"ಯಾವ ಟಕ್?"

"ನಿಮ್ಮ ಗಿರಣಿದು ರೀ. ಹೂಂ ಅಂತ ಹೋಗ್ತಾ ಹೋಗ್ತಾ ಟಕ್ ಅನ್ನಲ್ವಾ, ಬೆಲ್ಟು ಹೊಲಿದಿರೋ ಜಾಗ ಚಕ್ರಕ್ಕೆ ಬಡಿದು?"

ಅವರಿಗೆ ಗೊತ್ತೇ ಇಲ್ಲ. ಆ ಬೆಲ್ಟನ್ನು ಹೊಲಿದವರೇ ಅವರು. ಇಡೀ ದಿನ ಅದರ ಪಕ್ಕದಲ್ಲಿ ನಿಂತು ನಿಂತು ಆ ಸದ್ದು ಅವರಿಗೆ ಕೇಳಿಸುವುದೇ ನಿಂತುಹೋಗಿತ್ತು. ಮೇಲಿನ ಕೋಣೆಯಲ್ಲಿ ಹೊಟ್ಟೆ ಹೊತ್ತು ಕೂತವಳು ನಾನು, ನನಗೆ ನೆನಪಿತ್ತು.

"ಹಾಗಾದ್ರೆ ನೀನು ಹಾಕು," ಎಂದರು.

ಅವರು ಹೂಂ ಎಳೆದರು. ನಾನು ಪಕ್ಕದಲ್ಲಿ ಕೂತು, ನಾಲಿಗೆಯನ್ನು ಅಂಗುಳಕ್ಕೆ ಹಚ್ಚಿ ಟಕ್ ಎಂದೆ. ಮತ್ತೆ ಹೂಂ, ಮತ್ತೆ ಟಕ್. ಮಗು ಅವರ ಎದೆಯ ಮೇಲೆ ಮುಷ್ಟಿ ಬಿಚ್ಚಿತು. ಒಂದು ಗಿರಣಿಗೆ ಇಬ್ಬರು ಆಳು. ನಗು ತಡೆಯಲಾರದೆ ನಾನು ಎಷ್ಟೋ ಸಲ ಟಕ್ ತಪ್ಪಿಸಿ ಬೈಸಿಕೊಂಡೆ. ಬರಬರುತ್ತಾ ಎರಡನ್ನೂ ಒಬ್ಬರೇ ಮಾಡುವುದನ್ನು ಅವರು ಕಲಿತರು. ನನಗೆ ಅದು ಕೊನೆಗೂ ಬರಲಿಲ್ಲ, ಟಕ್ ಎಂದರೆ ಹೂಂ ಕಡಿದುಹೋಗುತ್ತಿತ್ತು. ಆ ಮನೆ, ಕಿರುಗುಟ್ಟುವ ಆ ಮಂಚ, ಸೋಪು ಹಾಕಿ ತಿಕ್ಕಿದರೂ ಹೋಗದ ಅವರ ಮೈಯ ಹಿಟ್ಟಿನ ವಾಸನೆ! ಆಮೇಲೆ ದೊಡ್ಡ ಮನೆ ಬಂತು, ಒಳ್ಳೆಯ ಮಂಚ ಬಂತು, ಅಷ್ಟು ಸುಖವಾಗಿ ಮತ್ತೆ ಯಾವಾಗ ಇದ್ದೆನೋ ನೆನಪಿಲ್ಲ.

ಗಿರಣಿ ಹೋಗಿ ಅಲ್ಲಿ ಮೊಬೈಲ್ ಅಂಗಡಿ ಬಂದಿದೆ. ಮಗಳು ಶಾಲೆಗೆ ಹೋಗುವವಳಾದ ಮೇಲೂ ಜ್ವರ ಬಂದರೆ ಅಪ್ಪನ ಎದೆಗೆ ಕಿವಿ ಹಚ್ಚಿ ಮಲಗುತ್ತಿದ್ದಳು. ಈಗ ಅವಳ ಮಗನದು ಅವಳದೇ ರಾಗ. ಅಳಿಯ ಒಳ್ಳೆಯ ಹುಡುಗ. ಫೋನಿನಲ್ಲಿ ಮಳೆಯ ಸದ್ದು, ಫ್ಯಾನಿನ ಸದ್ದು, ಕೊನೆಗೆ ಎಂಥದೋ ತಿಮಿಂಗಿಲದ ಸದ್ದನ್ನೂ ಹಾಕಿದ. ತಿಮಿಂಗಿಲಕ್ಕೆ ನಾನೇ ಬೆಚ್ಚಿಬಿದ್ದೆ. ಮಗು ಜಗ್ಗಲಿಲ್ಲ.

ಮೊನ್ನೆ ಭಾನುವಾರ ಬೆಳಿಗ್ಗೆಯಿಂದ ಒಂದೇ ಸಮನೆ ಅತ್ತಿತು. ಮಗಳು ಸೋತು ಸುಣ್ಣವಾಗಿ ಮಂಚದ ಮೇಲೆ ಕೂತಿದ್ದಳು.

"ನನ್ನ ಕೈಲಿ ಆಗಲ್ಲ ಅಮ್ಮ," ಎಂದಳು. "ಇವನಿಗೆ ನಾನು ಬೇಡ ಅನ್ಸುತ್ತೆ."

ಹಿತ್ತಲಿಗೆ ಹೊರಟಿದ್ದ ನಮ್ಮವರು ಆ ಮಾತು ಕೇಳಿ ನಿಂತರು. ತಿರುಗಿ ಬಂದು ಮಗುವನ್ನು ಎತ್ತಿ ಎದೆಗೆ ಒತ್ತಿಕೊಂಡರು. ಬಾಯಿ ಮುಚ್ಚಿ ಎಳೆದರು. ಏನೂ ಬರಲಿಲ್ಲ. ಕತ್ತಿನ ನರ ಉಬ್ಬಿದ್ದು ಕಂಡಿತು, ಅಷ್ಟೇ. ಮಗು ಇನ್ನೂ ಜೋರಾಗಿ ಅತ್ತಿತು. ಅವರು ಅದನ್ನು ಮಗಳ ಮಡಿಲಿಗೆ ಹಾಕಿ, ಯಾರ ಮುಖವನ್ನೂ ನೋಡದೆ ಬಾಗಿಲ ಕಡೆ ನಡೆದರು.

ಮಗಳು ಅಪ್ಪನ ಬೆನ್ನನ್ನೇ ನೋಡುತ್ತಿದ್ದಳು. ಆಮೇಲೆ ದಿಂಬಿಗೆ ಒರಗಿ, ಮಗುವನ್ನು ಎದೆಯ ಮೇಲೆ ಬೋರಲು ಹಾಕಿಕೊಂಡು, ಬಾಯಿ ಮುಚ್ಚಿ ಹೂಂ ಎಂದು ಎಳೆದಳು. ಹೆಣ್ಣು ದನಿಯಾದರೂ ಎಳೆತ ಅಪ್ಪನದೇ. ಮಗು ಅಳು ನಿಲ್ಲಿಸಿ ಕಿವಿಗೊಟ್ಟಿತು. ಅವಳು ಟಕ್ ಎನ್ನಲು ಹೋದಳು, ಹೂಂ ಕಡಿದುಹೋಯಿತು. ಅದರಲ್ಲಿ ಮಾತ್ರ ನನ್ನ ಮಗಳು. ಮಗು ಮುಖ ಸೊಟ್ಟ ಮಾಡಿತು. ಅವಳು ಗಾಬರಿಯಿಂದ ಮತ್ತೆ ಹೂಂ ಹಿಡಿದು, ನನ್ನ ಕಡೆ ನೋಡಿದಳು.

ನಾನು ನಾಲಿಗೆಯನ್ನು ಅಂಗುಳಕ್ಕೆ ಹಚ್ಚಿದೆ. ಅಷ್ಟರಲ್ಲಿ ಬಾಗಿಲ ಕಡೆಯಿಂದ ಕೇಳಿಸಿತು.

ಟಕ್.

ಅದಕ್ಕೆ ದನಿ ಬೇಡ, ನಾಲಿಗೆ ಸಾಕು ಎಂದು ಇಷ್ಟು ದಿನ ನಮಗ್ಯಾರಿಗೂ ಹೊಳೆದಿರಲಿಲ್ಲ, ಅವರಿಗೂ. ಚಪ್ಪಲಿ ಕಾಲಲ್ಲೇ ಬಂದು ಮಂಚದ ಅಂಚಿಗೆ ಕೂತರು. ಮಗಳು ಎಳೆದಳು, ಅವರು ಸರಿಯಾದ ಹೊತ್ತಿಗೆ ಟಕ್ ಹಾಕಿದರು. ಮಗು ಮುಷ್ಟಿ ಬಿಚ್ಚಿತು. ಅಳಿಯ ಫೋನನ್ನು ಜೇಬಿಗೆ ಸೇರಿಸಿದ. ನಮ್ಮವರು ನನ್ನ ಕಡೆ ನೋಡಿ, ನೀನೂ ಹಾಕು ಎಂದು ಹುಬ್ಬು ಹಾರಿಸಿದರು.

ನನ್ನ ನಾಲಿಗೆ ಈ ಜನ್ಮದಲ್ಲಿ ಯಾರು ಹೇಳಿದರೂ ಸುಮ್ಮನಿದ್ದದ್ದಿಲ್ಲ. ಅಂದು ಅದನ್ನು ಬಾಯೊಳಗೇ ಇಟ್ಟುಕೊಂಡು, ಕಣ್ಣೊರೆಸಿಕೊಂಡು, ಗಿರಣಿ ಕೇಳುತ್ತಾ ಕೂತೆ.